ಹುಳ ಸಾಕಿದ ಅಕ್ಕೋರು

ಹೋದ ತಿಂಗಳು ನನ್ನ ಗಂಡ ಕಲಬುರಗಿಯಿಂದ ಬರುವಾಗ ಒಂದು ಜೇನುತುಪ್ಪದ ಬಾಟಲಿ ತಂದರು. ಚಂದದ ಗಾಜಿನ ಬಾಟಲಿ, ಬಂಗಾರದ ಬಣ್ಣದ ಮುಚ್ಚಳ, ಮೇಲೆ ಹಸಿರು ಕಾಡಿನ ಚಿತ್ರ. ನಾನು ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಏನೂ ಇಲ್ಲ. ಬೆಲ್ಲದ ಪಾಕಕ್ಕಾದರೂ ಒಂದು ವಾಸನೆ ಇರುತ್ತದೆ, ಇದಕ್ಕೆ ಅದೂ ಇರಲಿಲ್ಲ. "ಇದು ಜೇನಲ್ಲ ತಗೋರಿ," ಎಂದೆ. "ನಿಂದೊಂದು ಸಂಶೆ ಬುದ್ಧಿ," ಎನ್ನುತ್ತ ಅವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಇರಲಿ, ಸಂಶಯದ ಬುದ್ಧಿಯೇ. ನಮ್ಮ ಅತ್ತೆಯ ಕೈಕೆಳಗೆ ಸೊಸೆಯಾಗಿ ಬಾಳಿದವಳು ನಾನು, ಹಾಲಿಗೆ ನೀರು ಬಿದ್ದದ್ದನ್ನು ಹಾಲಿನವನ ನಡಿಗೆ ನೋಡಿಯೇ ಹೇಳುತ್ತೇನೆ. ಆದರೆ ಆ ಬಾಟಲಿ ಹಿಡಿದು ನಿಂತಾಗ ನನ್ನ ಮೂಗು ಹುಡುಕುತ್ತಿದ್ದದ್ದು ಬೇರೊಂದು ವಾಸನೆಯನ್ನು... ತೊಗರಿ ಹೂವು, ಬಿಸಿ ಮೇಣ, ಅದರ ಹಿಂದೆ ಸ್ವಲ್ಪ ಸಗಣಿ ಕುಳ್ಳಿನ ಹೊಗೆ. ಅದು ಅಕ್ಕೋರ ವಾಸನೆಯಾಗಿತ್ತು.

ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಅವರು ಕೆಂಭಾವಿಯಿಂದ ಶಹಾಪುರದ ಶಾಲೆಗೆ ವರ್ಗವಾಗಿ ಬಂದಿದ್ದರು. ಒಂಟಿ ಹೆಂಗಸು, ವಯಸ್ಸು ಐವತ್ತರ ಆಸುಪಾಸು. ಒಂಟಿ ಹೆಂಗಸಿಗೆ ನಮ್ಮೂರಲ್ಲಿ ಬಾಡಿಗೆ ಮನೆ ಸಿಗುವುದೆಂದರೆ ಸುಮ್ಮನೆ ಮಾತಲ್ಲ. ಓಣಿ ಓಣಿ ತಿರುಗಿ ಸೋತು ನಮ್ಮ ಹಿತ್ತಲ ಖೋಲಿ ಕೇಳಿಕೊಂಡು ಬಂದಿದ್ದರು. ಮನೆ ಅತ್ತೆಯ ಹೆಸರಿನಲ್ಲಿತ್ತು, ಮಾತೂ ಅತ್ತೆಯದೇ. ಹೊಸ್ತಿಲ ಆಚೆಯೇ ನಿಲ್ಲಿಸಿ ವಿಚಾರಣೆ ಶುರು ಮಾಡಿದರು.

"ಯಾವೂರ್ರಿ ನಿಮ್ದು?"

"ವನದುರ್ಗರಿ."

"ವನದುರ್ಗದಾಗ ಯಾವ ಕಡಿ?"

ಈ ಪ್ರಶ್ನೆ ಏನು ಕೇಳುತ್ತದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಜಾತಿ ಕೇಳಿದರೆ ಒರಟಾಗುತ್ತದೆ. ಊರಲ್ಲಿ ಯಾವ ಕಡೆ ಮನೆ ಎಂದು ಕೇಳಿದರೆ ಮರ್ಯಾದೆಯೂ ಉಳಿಯುತ್ತದೆ, ಸುದ್ದಿಯೂ ಸಿಗುತ್ತದೆ. ಅಕ್ಕೋರು ನಕ್ಕರು. "ಕೋಟಿ ಹಂತ್ಯಾಕ್ರಿ," ಎಂದರು. ಕೋಟೆಯ ಹತ್ತಿರ ಎಂದ ಮೇಲೆ ಅತ್ತೆಗೆ ಮುಂದೆ ಕೇಳಲು ದಾರಿ ಉಳಿಯಲಿಲ್ಲ. ಅವರು ಅತ್ತ ಹೋದ ಮೇಲೆ ನನ್ನ ಕಡೆ ತಿರುಗಿ, "ವನದುರ್ಗದಾಗ ನಾಯಿ ಸೈತ ಕೋಟಿ ಹಂತ್ಯಾಕೇ ಇರ್ತದ. ಈಕಿ ಭಾಳ ಹುಷಾರದಾಳ ನೋಡು," ಎಂದರು. ಆದರೂ ಸರ್ಕಾರಿ ನೌಕರಿ ಎಂಬ ಒಂದು ಮಾತಿಗೆ ಖೋಲಿಯ ಕೀಲಿ ಕೊಟ್ಟರು.

ಸಾಮಾನು ಬಂದದ್ದು ಹೊತ್ತು ಮುಳುಗುವ ವೇಳೆಗೆ. ಟಂಟಂ ಗಾಡಿಯಲ್ಲಿ ಒಂದು ಟ್ರಂಕು, ಹಾಸಿಗೆ, ನಾಲ್ಕು ಪಾತ್ರೆ, ಒದ್ದೆ ಗೋಣಿಚೀಲ ಸುತ್ತಿದ ಎರಡು ಕಟ್ಟಿಗೆ ಪೆಟ್ಟಿಗೆ. ಪೆಟ್ಟಿಗೆಗಳನ್ನು ಮಾತ್ರ ಹಮಾಲನ ಕೈಗೆ ಕೊಡದೆ ತಾವೇ ಮಗುವನ್ನು ಇಳಿಸಿದ ಹಾಗೆ ಇಳಿಸಿದರು. ನುಗ್ಗೆ ಗಿಡದ ಕೆಳಗೆ ಇಟ್ಟು, ಇರುವೆ ಹತ್ತದ ಹಾಗೆ ಪೆಟ್ಟಿಗೆಯ ಕಾಲುಗಳ ಬುಡಕ್ಕೆ ನೀರಿನ ಬಟ್ಟಲು ಇಟ್ಟರು. ಅತ್ತೆ ಕುತ್ತಿಗೆ ಚಾಚಿ, "ಅದರಾಗೇನದ್ರಿ?" ಎಂದು ಕೇಳಿದರು.

"ಹುಳ ಅದಾವ್ರಿ ಅವ್ವಾರ. ಪಾಪದವು. ನಾವು ಸುಮ್ಮ ಇದ್ರ ಅವೂ ಸುಮ್ಮ ಇರ್ತಾವ."

ಅತ್ತೆ ಎರಡೂ ಕಾಲೆತ್ತಿ ಹೊರಸಿನ ಮೇಲೆ ಕೂತುಬಿಟ್ಟರು. ನಮ್ಮ ಕಡೆ ಹೊತ್ತು ಮುಳುಗಿದ ಮೇಲೆ ಹಾವಿನ ಹೆಸರು ಬಾಯಲ್ಲಿ ತರುವುದಿಲ್ಲ, ಹುಳ ಎನ್ನುತ್ತೇವೆ. ಹುಳ ಮುಟ್ಟಿತು ಎಂದರೆ ಹಾವು ಕಚ್ಚಿತು ಎಂದೇ ಅರ್ಥ. ಇದು ಅಕ್ಕೋರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಅವರೂ ಇದೇ ಮಣ್ಣಿನವರು. ಆದರೆ ದಿನಾ ಜೇನಿನ ಜೊತೆ ಬದುಕುವವರ ಬಾಯಲ್ಲಿ ಹುಳ ಎಂದರೆ ಜೇನುಹುಳ, ಅಷ್ಟೇ. ಮರುದಿನ ಬೆಳಿಗ್ಗೆ ನಾನೇ ಹೋಗಿ ಇಣುಕಿ ನೋಡಿದೆ. ಪೆಟ್ಟಿಗೆಯ ಕಿರುಬಾಗಿಲಿನಿಂದ ಜೇನುಹುಳಗಳು ಬಿಸಿಲಿಗೆ ಬರುತ್ತಿದ್ದವು. ಅತ್ತೆಗೆ ಹೇಳಿದೆ, ಅವರ ಎದೆ ತಣ್ಣಗಾಯಿತು. ಆದರೆ ಅಷ್ಟರಲ್ಲಿ ಅಕ್ಕೋರು ಹಾವು ಸಾಕುತ್ತಾರೆ ಎಂಬ ಮಾತು ಓಣಿ ದಾಟಿ ಹೋಗಿತ್ತು.

ಓಣಿಗೆ ನಾನು ಎಷ್ಟು ಹೇಳಿದರೂ ಅಷ್ಟೇ. ಎದುರುಮನೆಯ ಯಜಮಾನ ಅಂತೂ ತನ್ನ ಕಟ್ಟೆಯ ಮೇಲೆ ಕೂತು ಹೊಸ ಶೋಧನೆ ಮಾಡಿದ: "ಪೆಟ್ಟಿಗಿಗೆ ಎರಡು ಅಂತಸ್ತು ಅದಾವ, ನೋಡೀರೇನು? ಮ್ಯಾಲಿನ ಅಂತಸ್ತಿನ್ಯಾಗ ಜೇನು, ಮಂದಿಗೆ ತೋರ್ಸಾಕ. ಕೆಳಗಿನದ್ರಾಗ ಅದು." ಪೆಟ್ಟಿಗೆಗೆ ಎರಡು ಅಂತಸ್ತು ಇದ್ದದ್ದು ನಿಜ. ಕೆಳಗೆ ಹುಳಗಳ ಸಂಸಾರ, ಮೇಲೆ ಜೇನುತುಪ್ಪದ ಕೋಣೆ. ಬ್ಯಾಸಿಗೆಯಲ್ಲಿ ಹೂವಿಲ್ಲದಾಗ ಅಕ್ಕೋರು ಸಕ್ಕರೆ ನೀರು ಕದಡಿ, ಹುಳ ಮುಳುಗದ ಹಾಗೆ ಜೋಳದ ದಂಟಿನ ಚೂರು ತೇಲಿಬಿಟ್ಟು, ಬಟ್ಟಲಲ್ಲಿ ಇಡುತ್ತಿದ್ದರು. ಅದು ಓಣಿಯ ಕಣ್ಣಿಗೆ ಹಾವಿಗಿಟ್ಟ ಹಾಲಾಯಿತು. ತಲೆಗೆ ಕರಿ ಜಾಳಿಗೆ ಹಾಕಿಕೊಂಡು, ಡಬ್ಬಿಯಲ್ಲಿ ಕುಳ್ಳಿನ ಹೊಗೆ ಮಾಡಿಕೊಂಡು ಪೆಟ್ಟಿಗೆ ಬಿಚ್ಚಿದರೆ ಅದು ಮಾಟವಾಯಿತು. ಇನ್ನು ಮುಂಜಾನೆ ಎದ್ದು ಗುಡ್ಡದ ಕಡೆ ಮುಖ ಮಾಡಿ ಕೈ ಮುಗಿಯುತ್ತಿದ್ದರು. ನಮ್ಮೂರ ಗುಡ್ಡ ದೂರದಿಂದ ನೋಡಿದರೆ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಪರ ಊರಿನವರು ಫೋಟೋ ತೆಗೆಯಲು ಬರುತ್ತಾರೆ, ನಮಗೆ ಅದು ಕಟ್ಟಿಗೆ ತರುವ ಗುಡ್ಡ. "ಗುಡ್ಡಕ್ಯಾಕ ಕೈ ಮುಗೀತಾಳ ಅಕಿ?" ಎಂದು ಅತ್ತೆ ನನ್ನನ್ನು ಕೇಳಿದರು. ನಮ್ಮ ಕಡೆ ಬುದ್ಧನಿಗೆ ಕೈ ಮುಗಿಯುವವರು ಯಾವ ಕೇರಿಯವರೆಂದು ಅತ್ತೆಗೂ ಹೊಳೆದಿತ್ತು, ನನಗೂ ಹೊಳೆದಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ.

ನಾನೂ ಮೊದಮೊದಲು ಅವರನ್ನು ಪೂರಾ ನಂಬಿದವಳಲ್ಲ. ಇಷ್ಟು ಶಾಂತವಾಗಿ ಇರುವವರೊಳಗೆ ಏನೋ ಇದ್ದೇ ಇರುತ್ತದೆ ಎಂದು ನನ್ನ ಲೆಕ್ಕ. ಬಟ್ಟೆ ಒಣಹಾಕುವ ನೆಪದಲ್ಲಿ ಹಿತ್ತಲಿಗೆ ಹೋಗಿ ನೋಡುತ್ತ ನಿಲ್ಲುತ್ತಿದ್ದೆ. ಒಂದು ದಿನ ಅವರೇ ಕರೆದರು. "ಬರ್ರಿ, ಹಂಗ ಕದ್ದು ನೋಡಿದ್ರ ಏನು ಕಾಣ್ತದ? ತಲ್ಯಾಗಿನ ಮಲ್ಲಿಗಿ ತಗದಿಟ್ಟು ಬರ್ರಿ, ಆ ವಾಸನಿಗೆ ಅವು ಸಿಟ್ಟಾಗ್ತಾವ."

ಅಂದು ಶುರುವಾದದ್ದು... ಏನು ಹೇಳಲಿ, ಆ ಹಿತ್ತಲಲ್ಲಿ ನಾನು ಪಟ್ಟ ಸುಖವನ್ನು ತವರಲ್ಲೂ ಪಟ್ಟಿರಲಿಲ್ಲ. ಮೊದಲ ಸಲ ಹುಳ ತುಂಬಿದ ಚೌಕಟ್ಟು ನನ್ನ ಕೈಗೆ ಕೊಟ್ಟಾಗ ಮುಖ ಹಿಂದಕ್ಕೆ ಎಳೆದುಕೊಂಡೆ. ಸಾವಿರ ಹುಳಗಳ ಬಿಸಿ ಬೆರಳಿಗೆ ತಾಗುತ್ತಿತ್ತು. "ಉಸರು ಬಿಡಬ್ಯಾಡ್ರಿ ಅವುಗಳ ಮ್ಯಾಲ. ಅವಸರ ಮಾಡಬ್ಯಾಡ್ರಿ. ಅವಸರದವರನ್ನ ಅವು ನಂಬಂಗಿಲ್ಲ," ಎಂದರು. ನಾನು ಹುಟ್ಟಿದಾಗಿನಿಂದ ಅವಸರದವಳು. ರೊಟ್ಟಿ ಬಡಿಯುವುದೂ ಯಾರ ಮೇಲೋ ಸಿಟ್ಟಿದ್ದ ಹಾಗೆ. ಆ ಪೆಟ್ಟಿಗೆಯ ಮುಂದೆ ಮಾತ್ರ ಕೈ ತಾನಾಗಿ ನಿಧಾನವಾಗುತ್ತಿತ್ತು. ತೊಗರಿ ಹೂ ಬಿಟ್ಟ ಕಾಲದಲ್ಲಿ ಹುಳಗಳು ಕಾಲಿಗೆ ಹಳದಿ ಹಿಟ್ಟು ಮೆತ್ತಿಕೊಂಡು, ಸಂತೆ ಮುಗಿಸಿ ಬಂದವರ ಹಾಗೆ ದಣಿದು ಬಾಗಿಲಲ್ಲಿ ಇಳಿಯುವುದನ್ನು ನೋಡುತ್ತ ಕೂತರೆ ಒಲೆಯ ಮೇಲಿನ ಬೇಳೆ ಸೀದರೂ ಗೊತ್ತಾಗುತ್ತಿರಲಿಲ್ಲ. ಅತ್ತೆ ಒಳಗಿನಿಂದ ಕೂಗುತ್ತಿದ್ದರು, ನಾನು ಕಿವುಡಿಯಾಗುತ್ತಿದ್ದೆ.

ಬಾಗಿಲಲ್ಲಿ ಕೆಲವು ಹುಳ ಸದಾ ನಿಂತಿರುತ್ತಿದ್ದವು, ಬಂದವರ ಮೈಯೆಲ್ಲ ಮೂಸಿ ಒಳಗೆ ಬಿಡುತ್ತಿದ್ದವು. ನಾನು ಅವನ್ನು ತೋರಿಸಿ ಕೇಳಿದೆ. "ಕಾವಲಿನವು," ಎಂದರು ಅಕ್ಕೋರು. "ನೀ ಯಾರ ಪೈಕಿ, ಯಾವ ಮನಿಯಾಕಿ ಅಂತ ಕೇಳ್ತಾವ. ಬ್ಯಾರೆ ಪೆಟ್ಟಿಗಿಯದು ಖಾಲಿ ಕೈಲೆ ಬಂದ್ರ ಕಡದು ಹಾಕ್ತಾವ. ತುಪ್ಪ ತುಂಬ್ಕೊಂಡು ಬಂದ್ರ ಮಾತ್ರ, ಬಾರವ್ವ ಒಳಗ ಅಂತಾವ." ಹೇಳಿ, ನಮ್ಮ ಹಿತ್ತಲ ಬಾಗಿಲ ಕಡೆ ನೋಡಿ ನಕ್ಕರು. ನಾನೂ ನಕ್ಕೆ, ಆದರೆ ನನಗೆ ಅದು ಎಲ್ಲೋ ಚುಚ್ಚಿತು.

ಯಾಕೆಂದರೆ ಅಷ್ಟರಲ್ಲಿ ತುಪ್ಪ ಬಂದಿತ್ತು. ಮೊದಲ ತುಪ್ಪ ತೆಗೆದ ದಿನ ಅಕ್ಕೋರು ಒಂದು ಬಾಟಲಿ ತುಂಬಿ ಅತ್ತೆಗೆ ಕಳಿಸಿದರು. ಅತ್ತೆಯ ಪರೀಕ್ಷೆ ನೋಡಬೇಕಿತ್ತು! ಲೋಟದ ನೀರಿಗೆ ಹನಿ ಬಿಟ್ಟರು, ಬೆಂಕಿಕಡ್ಡಿಗೆ ಹಚ್ಚಿ ಗೀರಿದರು, ಕಾಗದದ ಮೇಲೆ ಹಾಕಿ ಹಿಂದೆ ಒದ್ದೆಯಾಯಿತೇ ಎಂದು ಬೆಳಕಿಗೆ ಹಿಡಿದರು. ಎಲ್ಲದರಲ್ಲೂ ಪಾಸಾಯಿತು. ಆ ಸೋಮವಾರದಿಂದ ನಮ್ಮ ದೇವರ ಮನೆಯ ಅಭಿಷೇಕಕ್ಕೆ ಅಂಗಡಿಯ ಜೇನು ಬಂದ್ ಆಗಿ ಅಕ್ಕೋರ ತುಪ್ಪ ಶುರುವಾಯಿತು. ಚಳಿಗಾಲದಲ್ಲಿ ಅದು ಗಟ್ಟಿಯಾದಾಗ, "ಸಕ್ರಿ ಕಲಸ್ಯಾಳ!" ಎಂದು ದೊಡ್ಡ ರಂಪ. ಅಕ್ಕೋರು ಬಂದು ಬಾಟಲಿಯನ್ನು ಬಿಸಿಲಿಗೆ ಇಟ್ಟು, "ಚಳಿಗೆ ಹಂಗಾಗ್ತದ್ರಿ ಅವ್ವಾರ, ನಿಮ್ಮ ಮೊಣಕಾಲಂಗ," ಎಂದರು. ಅತ್ತೆಗೆ ನಗು ತಡೆಯಲಾಗಲಿಲ್ಲ. ಆದರೆ ಇದನ್ನೂ ಹೇಳಬೇಕು: ಲಿಂಗದ ಮೇಲೆ ಸುರಿಯುವ ತುಪ್ಪವನ್ನು ಅವರ ಕೈಯಿಂದ ತೆಗೆದುಕೊಂಡ ಅತ್ತೆ ಅವರ ಕೈಯ ನೀರನ್ನು ಒಂದು ದಿನವೂ ಕುಡಿಯಲಿಲ್ಲ. ಅಕ್ಕೋರೂ ನಮ್ಮ ಪಡಸಾಲೆ ದಾಟಿ ಒಳಗೆ ಬರಲಿಲ್ಲ.

ಮರುವರ್ಷದ ಶ್ರಾವಣ. ಮನೆಯಲ್ಲಿ ತುಪ್ಪ ಮುಗಿದಿತ್ತು. ಅತ್ತೆ ಕೇಳಿದರೆ ಅಕ್ಕೋರು, "ಈಗ ಬ್ಯಾಡ್ರಿ. ಹೂ ಇಲ್ಲ, ಪೆಟ್ಟಿಗ್ಯಾಗ ಇದ್ದದ್ದು ಅವುಗಳ ಹೊಟ್ಟಿಗಷ್ಟ. ಸಿಟ್ಟಿನ್ಯಾಗ ಅದಾವ, ಹತ್ರ ಹೋಗಬ್ಯಾಡ್ರಿ," ಎಂದರು. ಅತ್ತೆಗೆ ಇದು ನಾಟಕ ಅನ್ನಿಸಿತು. ಶ್ರಾವಣ ಸೋಮವಾರಕ್ಕೆ ಊರೆಲ್ಲ ಜೇನು ಹುಡುಕುತ್ತದೆ, ಇವಳು ಬೇರೆಯವರಿಗೆ ಕೊಡಲು ಬಚ್ಚಿಟ್ಟಿದ್ದಾಳೆ ಎಂದು ಗೊಣಗತೊಡಗಿದರು. ನಾನು ಎಷ್ಟು ಸಮಾಧಾನ ಹೇಳಿದರೂ, "ನೀ ಅಕಿ ಕಡಿಯಾಕಿ," ಎಂದು ಬಾಯಿ ಮುಚ್ಚಿಸಿದರು.

ಆ ಸೋಮವಾರ ನನ್ನ ಗಂಡ ನಮ್ಮ ಅಂಗಡಿಯ ಸಾಮಾನಿಗೆಂದು ಕಲಬುರಗಿಗೆ ಹೋಗಿದ್ದರು. ಅಕ್ಕೋರು ಶಾಲೆಗೆ ಹೋದ ಮೇಲೆ, ನಾನು ಹಿಟ್ಟು ನಾದುತ್ತಿದ್ದಾಗ, ಅತ್ತೆ ತಲೆಗೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿ, ಮಲ್ಲಿಗೆ ಮುಡಿದು, ಕೈಯಲ್ಲಿ ಪೂಜೆಯ ಬಟ್ಟಲು ಹಿಡಿದು ಸೀದಾ ಹೋಗಿ ಪೆಟ್ಟಿಗೆಯ ಮುಚ್ಚಳ ಎತ್ತಿಬಿಟ್ಟರು. ನನಗೆ ಕೇಳಿಸಿದ್ದು ಅವರ ಕೂಗು ಮಾತ್ರ. "ಹುಳ ಮುಟ್ತು! ಯಪ್ಪಾ, ಹುಳ ಮುಟ್ತು!"

ಆಮೇಲೆ ಆದದ್ದೆಲ್ಲ ಗಾಳಿ ಬೀಸಿದ ಹಾಗೆ. ಓಣಿಗೆ ಓಣಿಯೇ ನುಗ್ಗಿತು. ಯಾರೋ ಅತ್ತೆಯ ತೋಳಿಗೆ ಹಗ್ಗ ಬಿಗಿದರು, ಯಾರೋ ಬಾಯಿಗೆ ಬೇವಿನ ಎಲೆ ತುರುಕಿದರು. ಕಹಿ ಗೊತ್ತಾದರೆ ವಿಷ ಏರಿಲ್ಲ ಎಂದು ಲೆಕ್ಕವಂತೆ. ಅತ್ತೆ ಥೂ ಥೂ ಎಂದು ಉಗುಳಿದರು. "ಜೇನ್ರಿ, ಬರೀ ಜೇನು," ಎಂದು ನಾನು ಬಡಕೊಂಡದ್ದು ಯಾರಿಗೆ ಕೇಳಬೇಕು? ಆಟೋದಲ್ಲಿ ದವಾಖಾನೆಗೆ ಒಯ್ದೆವು. ಡಾಕ್ಟರು ಹಗ್ಗ ಬಿಚ್ಚಿಸಿ, ಕೈ ತಿರುಗಿಸಿ ನೋಡಿ, ಎರಡು ಮೂರು ಮುಳ್ಳು ಕಿತ್ತು, ಒಂದು ಇಂಜೆಕ್ಷನ್ ಚುಚ್ಚಿ, ಜೇನು ಕಡಿದದ್ದು, ಮನೆಗೆ ಹೋಗಿ ಎಂದರು. ಇದನ್ನು ಅತ್ತೆ ತಮ್ಮ ಕಿವಿಯಿಂದ ಕೇಳಿದರು. ಮನೆಗೆ ಬರುವಷ್ಟರಲ್ಲಿ ಹಿತ್ತಲಲ್ಲಿ ಹೊಗೆ ಏಳುತ್ತಿತ್ತು. ಕೆಳಗಿನ ಅಂತಸ್ತಿನ ಹಾವನ್ನು ಹುಡುಕಲು ಎದುರುಮನೆಯಾತ ಮತ್ತವನ ಜೊತೆಯವರು ಎರಡೂ ಪೆಟ್ಟಿಗೆಗೆ ಸೀಮೆಎಣ್ಣೆ ಸುರಿದಿದ್ದರು.

ಹಾವು ಸಿಗಲಿಲ್ಲ. ಸಿಗದಿದ್ದದ್ದಕ್ಕೆ ಅವರಿಗೆ ನಾಚಿಕೆಯೂ ಆಗಲಿಲ್ಲ. ತಪ್ಪಿಸಿಕೊಂಡು ಹೋಗಿದೆ, ಗೋಡೆಯ ಬಿಲದಲ್ಲಿ ಸೇರಿದೆ ಎಂದು ಕೋಲು ಹಿಡಿದು ನಿಂತಿದ್ದರು.

ಸಂಜೆ ಅಕ್ಕೋರು ಬಂದರು. ಹೆಗಲ ಚೀಲ ಹೆಗಲಲ್ಲೇ ಇತ್ತು. ಬೂದಿಯ ಮುಂದೆ ಕೂತು, ಕರಗಿ ಹರಿದ ಮೇಣವನ್ನು ಬೆರಳಿನಿಂದ ಮುಟ್ಟಿದರು. ಹೊಲಕ್ಕೆ ಹೋಗಿದ್ದ ಹುಳಗಳು ತಿರುಗಿ ಬಂದು, ಬಾಗಿಲು ಇದ್ದ ಜಾಗದಲ್ಲಿ ಗಾಳಿಯಲ್ಲೇ ಸುತ್ತುತ್ತಿದ್ದವು. ಅವರು ತಲೆಯೆತ್ತಿ ಮೊದಲು ಕೇಳಿದ್ದು ಇಷ್ಟು: "ಯಾರಿಗರ ಕಡದಾವೇನ್ರಿ?" ಅತ್ತೆಯ ಬಾತ ಕೈ ಕಂಡು ಎದ್ದು ಬಂದರು. "ಮುಳ್ಳು ತಗಸೀರೇನ್ರಿ ಅವ್ವಾರ? ಒಳಗುಳದ್ರ ಬಾವು ಏರ್ತದ." ಅತ್ತೆ ಕೈಯನ್ನು ಸೆರಗಿನ ಹಿಂದೆ ಮುಚ್ಚಿಕೊಂಡರು.

ಎದುರುಮನೆಯಾತ ನಡುವೆ ಬಂದ. "ಇವತ್ತೇ ಮನಿ ಖಾಲಿ ಮಾಡಸ್ರಿ," ಎಂದು ಅತ್ತೆಗೆ ಹೇಳಿದ. ನಾನು ತಡೆಯದೆ ಮುಂದೆ ಬಂದೆ. "ಯಾಕ ಮಾಡಸ್ಬೇಕು? ಜೇನು ಕಡದದ್ದು ಅಂತ ಡಾಕ್ಟರೇ ಹೇಳ್ಯಾರ. ಪೆಟ್ಟಿಗಿ ತಗದವ್ರು ಇವ್ರಲ್ಲ!" ಎಂದೆ. ಆತ ನನ್ನ ಮುಖವನ್ನೂ ನೋಡಲಿಲ್ಲ. "ನೀ ಒಳಗ ನಡಿಯವ್ವ. ವನದುರ್ಗದಾಗ ಈಕಿದು ಯಾವ ಕಡಿ ಅಂತ ನಾವು ಕೇಳ್ಕೊಂಡು ಬಂದೀವಿ," ಎಂದ. ಅಲ್ಲಿಗೆ ವಿಷಯ ಹೊರಬಿತ್ತು. ಹಾವು ಇತ್ತೋ ಇಲ್ಲವೋ, ಅದು ಯಾರಿಗೂ ಬೇಕಾಗಿರಲಿಲ್ಲ. ಆತ ಅತ್ತೆಯ ಕಡೆ ತಿರುಗಿದ. "ನೀವೇ ಹೇಳ್ರಿ ಅಜ್ಜಿ, ಎಲ್ಲಾರ ಮುಂದ. ಮುಟ್ಟಿದ್ದು ಏನು?"

ಅತ್ತೆಯ ಒಂದು ಮಾತಿನ ಮೇಲೆ ಎಲ್ಲ ನಿಂತಿತ್ತು. ಜೇನು ಎಂದರೆ ಸಾಕಿತ್ತು, ಮನೆ ಅವರದು, ಯಾರ ಅಪ್ಪನ ಹಂಗೂ ಇರಲಿಲ್ಲ. ಆದರೆ ಹಾಗೆಂದರೆ, ಮಡಿಯುಟ್ಟು ಬಟ್ಟಲು ಹಿಡಿದು ಬಾಡಿಗೆಯವಳ ಪೆಟ್ಟಿಗೆಗೆ ಕೈ ಹಾಕಿದ್ದು ಹೊರಗೆ ಬರುತ್ತಿತ್ತು. ಯಾರ ಕೈಯ ತುಪ್ಪ ಇಷ್ಟು ದಿನ ಲಿಂಗದ ಮೇಲೆ ಬಿತ್ತು ಎಂಬುದೂ ಹೊರಗೆ ಬರುತ್ತಿತ್ತು. ಅತ್ತೆ ನನ್ನನ್ನು ನೋಡಿದರು, ಅಕ್ಕೋರನ್ನು ನೋಡಿದರು, ಕೊನೆಗೆ ನೆಲ ನೋಡಿದರು.

"ಹುಳ," ಎಂದರು.

ಸುಳ್ಳಲ್ಲ ನೋಡಿ. ಒಂದಕ್ಷರ ಸುಳ್ಳಿಲ್ಲ. ನನಗೆ ಅವರ ಬಾಯಿಗೆ ಬೇವಿನ ಎಲೆ ನಾನೇ ತುರುಕಬೇಕು ಅನ್ನಿಸಿತು. ನಾನು ಮತ್ತೆ ಬಾಯಿ ತೆಗೆಯುವಷ್ಟರಲ್ಲಿ ಅಕ್ಕೋರು ನನ್ನ ಕೈ ಹಿಡಿದು ತಡೆದರು. "ಹೌದ್ರಿ," ಎಂದರು ಎಲ್ಲರಿಗೂ ಕೇಳುವ ಹಾಗೆ. "ಅವ್ವಾರು ಖರೇನ ಹೇಳ್ಯಾರ. ಹುಳಾನ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬೆಳಗಾಗುತ್ತಲೇ ಟಂಟಂ ಬಂತು. ಉಳಿದ ಹುಳಗಳು ನುಗ್ಗೆಯ ಟೊಂಗೆಯಲ್ಲಿ ಮುಷ್ಟಿಯಷ್ಟು ಗುಂಪಾಗಿ ಕೂತಿದ್ದವು. ಅಕ್ಕೋರು ಅವನ್ನು ಒಂದು ಗಡಿಗೆಗೆ ಇಳಿಸಿಕೊಂಡು ಒದ್ದೆ ಬಟ್ಟೆ ಕಟ್ಟಿದರು. "ರಾಣಿ ಇಲ್ಲ, ಉಳಿಯಂಗಿಲ್ಲ. ಆದ್ರ ಇಲ್ಲಿ ಹ್ಯಾಂಗ ಬಿಟ್ಟು ಹೋಗ್ಲಿ?" ಎಂದು ನನಗಷ್ಟೇ ಕೇಳುವಂತೆ ಹೇಳಿದರು. ಅತ್ತೆ ರಾತ್ರಿಯಿಡೀ ಹೊರಳಾಡಿ, ನಸುಕಿನಲ್ಲಿ ತಾವೇ ಎದ್ದು, ಬಾತ ಕೈಯಿಂದ ರೊಟ್ಟಿ ಬಡಿದು, ಶೇಂಗಾ ಹಿಂಡಿಯ ಚಟ್ನಿ ಹಾಕಿ ಬುತ್ತಿ ಕಟ್ಟಿ ನನ್ನ ಕೈಗೆ ಕೊಟ್ಟಿದ್ದರು. ಅಕ್ಕೋರು ಬೇಡ ಎನ್ನಲಿಲ್ಲ, ಎರಡೂ ಕೈಯಿಂದ ತೆಗೆದುಕೊಂಡರು. ಗಾಡಿ ಹೋದ ಮೇಲೆ ನೋಡಿದರೆ ಬುತ್ತಿ ಹಿತ್ತಲ ಗೋಡೆಯ ಮೇಲೆ ಇತ್ತು. ಅತ್ತೆ ಅದನ್ನು ಒಳಗೆ ತರಲು ಯಾರಿಗೂ ಬಿಡಲಿಲ್ಲ, ತಾವೂ ತರಲಿಲ್ಲ. ಬದುಕಿರುವವರೆಗೂ ಆ ದಿನದ ಬಗ್ಗೆ ಅವರೂ ಮಾತಾಡಲಿಲ್ಲ, ನಾನೂ ಕೆದಕಲಿಲ್ಲ.

ಅಕ್ಕೋರು ಸುರಪುರಕ್ಕೆ ವರ್ಗ ಮಾಡಿಸಿಕೊಂಡರು, ದೇವಾಪುರದ ಹೊಲಗಳಲ್ಲಿ ಮತ್ತೆ ಪೆಟ್ಟಿಗೆ ಇಟ್ಟಿದ್ದಾರೆ ಎಂದು ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು. ಹೋಗಬೇಕು, ಹೋಗಬೇಕು ಎನ್ನುತ್ತಲೇ ವರ್ಷಗಳು ಹೋದವು... ಮೊನ್ನೆ ಆ ಬಾಟಲಿಯ ದೆಸೆಯಿಂದ ಮನಸ್ಸು ನಿಲ್ಲದೆ, ನಮ್ಮ ಅಂಗಡಿಗೆ ಬರುವ ಸುರಪುರದ ಮಾಸ್ತರರೊಬ್ಬರನ್ನು ಕೇಳಿದೆ. "ಅವ್ರು ಹೋದ ವರ್ಷನ ತೀರ್ಕೊಂಡ್ರಲ್ರಿ. ರಿಟೈರಾಗಿ ಊರಾಗ ತಂಗಿ ಹತ್ರ ಇದ್ರು," ಎಂದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮರುದಿನ ಗಂಡನಿಗೆ ಹೇಳಿ ವನದುರ್ಗದ ಬಸ್ಸು ಹತ್ತಿದೆ.

ತಂಗಿ ಬಾಗಿಲು ಅರ್ಧ ತೆಗೆದು ನಿಂತರು. ಮುಖ ಅಕ್ಕನದೇ, ಕಣ್ಣು ಮಾತ್ರ ಬೇರೆ. ನನ್ನ ಹಣೆಯ ವಿಭೂತಿ, ಕೊರಳು, ಸೀರೆ ಎಲ್ಲವನ್ನೂ ಒಂದೊಂದಾಗಿ ನೋಡಿದರು. ಶಹಾಪುರದಿಂದ ಬಂದೆ, ಅಕ್ಕೋರು ನಮ್ಮ ಮನೆಯಲ್ಲಿ ಇದ್ದರು ಎಂದೆ. ಅವರು ಬಾಗಿಲು ಹಿಡಿದ ಕೈ ಸಡಿಲಿಸಲಿಲ್ಲ.

"ಏನರ ಕೆಲಸ ಇತ್ತೇನ್ರಿ?"

"ಇಲ್ರಿ. ಸುಮ್ಮ ಮಾತಾಡ್ಸಾಕ ಬಂದೆ. ನಾವು ಭಾಳ ಬಳಕಿ ಇದ್ವಿ. ಪೆಟ್ಟಿಗಿ ಕೆಲಸ ನನಗೂ ಕಲಿಸಿದ್ರು. ನನ್ನ ಬಗ್ಗಿ ಏನರ ಹೇಳಿರಬೇಕು..."

ತಂಗಿ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡರು. ನನ್ನನ್ನು ನೋಯಿಸಬೇಕೆಂದು ಅಲ್ಲ, ನಿಜವಾಗಿಯೂ ನೆನಪು ಮಾಡಿಕೊಂಡರು. "ಇಲ್ರಿ," ಎಂದರು. "ಕೆಂಭಾವಿ ಮಂದಿ ಹೆಸರು ಹೇಳ್ತಿದ್ಲು, ದೇವಾಪುರದವ್ರದು ಹೇಳ್ತಿದ್ಲು. ಶಹಾಪುರ ಅಂದ್ರ, ಅಲ್ಲಿ ನನಗ ಗುರ್ತಿನವ್ರು ಯಾರೂ ಇಲ್ಲ ಅಂತಿದ್ಲು."

ನಾನು ಅದೀನಲ್ಲ, ನಾನು ನಿಮ್ಮ ಪರ ಮಾತಾಡಿದೆನಲ್ಲ ಎಂದು ಯಾರಿಗೆ ಹೇಳುವುದು? ಕೇಳಬೇಕಾದವರು ಮಣ್ಣಾಗಿದ್ದರು. ಬಸ್ಸಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಾನು ಅತ್ತುಬಿಟ್ಟೆ. ಪಕ್ಕದಲ್ಲಿ ಕೂತ ಹೆಂಗಸು, "ಯಾರು ತೀರ್ಕೊಂಡ್ರವ್ವ, ನಿಮಗೇನಾಗಬೇಕು?" ಎಂದು ಕೇಳಿದಳು. ನಾನು ಕಿಟಕಿಯ ಕಡೆ ತಿರುಗಿ ಗುಡ್ಡ ಕಾಣುತ್ತದೆಯೇ ಎಂದು ನೋಡತೊಡಗಿದೆ.